ನೀಲಿ ಚುಕ್ಕೆ

ಅಲ್ಯೂಮಿನಿಯಂ ಕಿಟಕಿಗಳಿಗೆ ಕಿಲುಬು ಹಿಡಿಯದಂತೆ ಲೇಪನ ಕೊಡುವ ಆ ಕಾರ್ಖಾನೆ ಅವಳ ಅಕ್ಕನ ಗಂಡನದು. ಮಾಲನ್ನು ಪರೀಕ್ಷಿಸಿ ಸಹಿ ಹಾಕುವ ಕೆಲಸ ಅವಳದು. ಲೇಪನದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕೊನೆಯ ತೊಟ್ಟಿಯ ಕುದಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೆ ಮಾತ್ರ ಅವು ಮುಚ್ಚಿಕೊಳ್ಳುತ್ತವೆ. ಬೇಗ ಮುಗಿಸುವ ಆತುರಕ್ಕೆ ಭಾವ ಆ ವಾರದ ಮಾಲನ್ನೆಲ್ಲ ತೊಟ್ಟಿಗೆ ಇಳಿಸದೆಯೇ ಕಟ್ಟಿಸಿದ್ದರು.

"ಸಹಿ ಹಾಕಮ್ಮ, ಲಾರಿ ಕಾಯ್ತಿದೆ. ಕನ್ನಡಿ ಥರ ಹೊಳೀತಿದೆ, ಇನ್ನೇನು ಬೇಕು?"

"ಕುದಿನೀರು ಬೇಕು ಭಾವ. ಇಲ್ಲದಿದ್ರೆ ಇವು ಹೋಗೋ ಕರಾವಳಿಯ ಉಪ್ಪುಗಾಳಿಗೆ ಒಂದು ವರ್ಷನೂ ತಡೆಯಲ್ಲ. ನಾನು ಹಾಕಲ್ಲ."

"ಮನೆಯವಳು ಅಂತ ಕೆಲಸ ಕೊಟ್ಟರೆ ತಲೆ ಮೇಲೆ ಕೂತ್ಕೋತೀಯಲ್ಲ. ನಿಮ್ಮಕ್ಕನಿಗೆ ಹೇಳಲಾ?"

"ಹೇಳಿ. ಅವಳು ಕೇಳಿದ್ರೂ ಹಾಕಲ್ಲ."

ಅದೇ ಮಾಲಿನಿಂದ ಮಾಡಿಸಿಕೊಂಡ ಹೊಸ ನಾಮಫಲಕ ಭಾವನ ಮೇಜಿನ ಮೇಲೆ ಥಳಥಳಿಸುತ್ತಿತ್ತು. ಅವಳು ಪರೀಕ್ಷೆಯ ನೀಲಿ ಬಣ್ಣದ ಬಾಟಲಿ ತೆರೆದು, ಅವರ ಹೆಸರಿನ ನಟ್ಟನಡುವೆ ಒಂದು ತೊಟ್ಟು ಬಿಟ್ಟಳು. ಗಡಿಯಾರ ನೋಡಿಕೊಂಡು ಐದು ನಿಮಿಷ ಕಾದಳು. ಆಮೇಲೆ ಒದ್ದೆ ಬಟ್ಟೆಯನ್ನು ಮುಂದೆ ತಳ್ಳಿದಳು.

"ಒರೆಸಿ. ರಂಧ್ರ ಮುಚ್ಚಿದ್ರೆ ಬಣ್ಣ ಒಳಗೆ ಇಳಿದಿರಲ್ಲ. ಹೋದರೆ ಈಗಲೇ ಸಹಿ ಹಾಕ್ತೀನಿ."

ಭಾವ ನಗುತ್ತಲೇ ಒರೆಸಿದರು. ಆಮೇಲೆ ಸೋಪು ಹಚ್ಚಿ ಉಜ್ಜಿದರು. ಕೊನೆಗೆ ನಗು ಬಿಟ್ಟು ಉಗುರಿನಿಂದ ಕೆರೆದರು. ಚುಕ್ಕೆ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಬೇರೆ ಫಲಕ ಮಾಡಿಸ್ಕೋತೀನಿ," ಎಂದರು ಹಲ್ಲು ಕಚ್ಚಿ.

"ಮಾಡಿಸ್ಕೊಳ್ಳಿ. ಬಾಟಲಿ ತುಂಬ ಬಣ್ಣ ಇದೆ," ಎಂದಳು ಅವಳು, ಮುಚ್ಚಳ ಹಾಕದೆ.