ಪೊರಕೆ ಗುಡಿಸಿದ ಶಕ್ತಿ

ನಮ್ಮ ಸಂಶೋಧನಾ ಗುಂಪಿನಲ್ಲಿ ಸಣ್ಣ ಕಣಗಳಿಗೆ ಕಸ ಎಂದೇ ಹೆಸರು. ಸೀಸದ ಎರಡು ಪರಮಾಣು ಬೀಜಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಡಿಕ್ಕಿ ಹೊಡೆಸಿದರೆ ಸಾವಿರಾರು ಕಣಗಳು ಚೆಲ್ಲುತ್ತವೆ. ಅವುಗಳ ನಡುವೆ ಒಮ್ಮೊಮ್ಮೆ ಎರಡು ಜೆಟ್‌ಗಳು, ಅಂದರೆ ಬಿರುಸಾದ ಕಣಗಳ ಎರಡು ಧಾರೆಗಳು, ಎದುರುಬದುರು ದಿಕ್ಕಿಗೆ ಚಿಮ್ಮುತ್ತವೆ. ಹುಟ್ಟುವಾಗ ಎರಡಕ್ಕೂ ಶಕ್ತಿಯಲ್ಲಿ ಸಮಪಾಲು. ಆದರೆ ಡಿಕ್ಕಿಯಿಂದಾದ ಕುದಿಯುವ ದ್ರವವನ್ನು ಹೆಚ್ಚು ದೂರ ಸೀಳಿಕೊಂಡು ಬರಬೇಕಾದ ಜೆಟ್ ಸೊರಗಿ ಹೊರಬರುತ್ತದೆ. ಅದು ಎಷ್ಟು ಶಕ್ತಿ ಕಳೆದುಕೊಂಡಿತು ಎಂದು ಅಳೆಯುವುದೇ ನನ್ನ ಆರು ವರ್ಷದ ಕೆಲಸ.

ಅಳೆಯುವ ಮೊದಲು ಕಸ ತೆಗೆಯಬೇಕು. ಅದಕ್ಕೆ ನಮ್ಮ ಪ್ರೊಫೆಸರು ಇಪ್ಪತ್ತು ವರ್ಷದ ಹಿಂದೆ ಒಂದು ಪ್ರೋಗ್ರಾಂ ಬರೆದಿದ್ದರು. ಎಲ್ಲರ ಬಾಯಲ್ಲೂ ಅದು 'ಪೊರಕೆ'. ಅದರಿಂದ ಗುಡಿಸದವರಿಲ್ಲ, ಅದನ್ನು ಬಿಚ್ಚಿ ನೋಡಿದವರೂ ಇಲ್ಲ. ಈ ಸಲ ನಮ್ಮ ಲೆಕ್ಕದಲ್ಲಿ ಜೆಟ್ ಕಳೆದುಕೊಂಡ ಶಕ್ತಿ ಯಾವ ಸಿದ್ಧಾಂತಕ್ಕೂ ನಿಲುಕದಷ್ಟು ಬಂತು. ಪ್ರೊಫೆಸರು ಹಿಗ್ಗಿಹೋಗಿ ಪ್ರಬಂಧ ಸಿದ್ಧಮಾಡಿದರು. ಮೊದಲ ಹೆಸರು ನನ್ನದು. ಅದು ಅಚ್ಚಾದರೆ ನನಗೆ ಪಿಎಚ್.ಡಿ., ಇಲ್ಲದಿದ್ದರೆ ಇಲ್ಲ.

ಅಕ್ಕ ದರ್ಜಿ. ಇಬ್ಬರಿಗೂ ಒಂದೇ ಕೋಣೆ. ಅವಳ ಹೊಲಿಗೆಯಂತ್ರದ ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪು. ನಾನು ಸಂಭ್ರಮದಿಂದ ಎಲ್ಲ ಹೇಳಿಕೊಂಡಾಗ ಅವಳು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು: "ಬಟ್ಟೆ ಕಡಿಮೆ ಬಂತು ಅಂದ್ರೆ ನಾನು ಮೊದ್ಲು ಕತ್ತರಿಸಿ ಬಿದ್ದ ಚೂರು ನೋಡ್ತೀನಿ ಕಣೇ. ನಿನ್ನ ಚೂರೆಲ್ಲ ಎಲ್ಲಿಗೆ ಹೋಯ್ತು?"

ನನಗೆ ಸಿಟ್ಟು ಬಂತು. ಉತ್ತರ ಗೊತ್ತಿರಲಿಲ್ಲವಲ್ಲ, ಅದಕ್ಕೆ. ಮರುದಿನ ಪೊರಕೆಯನ್ನು ಬಿಚ್ಚಿದೆ. ಜೆಟ್ಟಿನ ಪಕ್ಕದ ಒಂದು ಪಟ್ಟಿಯಷ್ಟು ಜಾಗದಲ್ಲಿ ಕಸ ಎಷ್ಟಿದೆ ಎಂದು ಎಣಿಸಿ, ಜೆಟ್ಟಿನೊಳಗೂ ಅಷ್ಟೇ ಇರುತ್ತದೆಂದು ಅಷ್ಟನ್ನೇ ಅದು ಜೆಟ್ಟಿನಿಂದ ಕಳೆಯುತ್ತಿತ್ತು. ಆದರೆ ದ್ರವದೊಳಗೆ ಜೆಟ್ ಕಳೆದುಕೊಂಡ ಶಕ್ತಿ ಮಾಯವಾಗುವುದಿಲ್ಲ. ಸಣ್ಣ ಕಣಗಳಾಗಿ ಅದೇ ಪಕ್ಕದ ಪಟ್ಟಿಗೆ ಚೆದುರುತ್ತದೆ. ಜೆಟ್ಟಿನದೇ ಸೊತ್ತನ್ನು ಕಸವೆಂದು ಎಣಿಸಿ, ಅದೇ ನೆಪದಲ್ಲಿ ಜೆಟ್ಟಿನಿಂದ ಇನ್ನೊಮ್ಮೆ ಕಿತ್ತುಕೊಂಡಿದ್ದೆವು. ಪಟ್ಟಿಯನ್ನು ದೂರಕ್ಕೆ ಸರಿಸಿ ಮತ್ತೆ ಲೆಕ್ಕ ಹಾಕಿದೆ. ನಮ್ಮ ಮಹಾನಷ್ಟ ಅರ್ಧಕ್ಕಿಳಿದು, ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಖ್ಯೆಗೆ ಬಂದು ಕೂತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಸಿದ್ಧಾಂತವೇ ಡೊಂಕು ಅಂದಿದ್ದೆವು.

ಪ್ರೊಫೆಸರಿಗೆ ತೋರಿಸಿದೆ. ಅವರದು ಹಿಡಿದ ಮೊಲಕ್ಕೆ ಮೂರೇ ಕಾಲು. ಇಪ್ಪತ್ತು ವರ್ಷ ಯಾರೂ ಆಡದ ಮಾತು ಎಂದರು. ಈ ಪ್ರಬಂಧ ಅಚ್ಚಿಗೆ ಹೋಗಲಿ, ಆಮೇಲೆ ನೋಡೋಣ ಎಂದರು. ಸೋಮವಾರದ ಸಭೆಯಲ್ಲಿ ಹಳೆಯ ಲೆಕ್ಕದ ಚಿತ್ರವನ್ನೇ ತೋರಿಸಬೇಕೆಂದು ತಾಕೀತು ಮಾಡಿದರು.

ಸಭೆಯಲ್ಲಿ ನಾನು ಹೊಸ ಚಿತ್ರ ಹಾಕಿದೆ. ಭಯವಿತ್ತು. ಆದರೂ ಪೊರಕೆಯ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಓದಿ ಹೇಳಿದೆ.

"ಈ ಪ್ರಬಂಧ ನಿಂತ್ರೆ ನಿನ್ನ ಪಿಎಚ್.ಡಿ. ಗತಿ ಏನು, ಯೋಚ್ನೆ ಮಾಡಿದ್ದೀಯಾ?" ಎಂದರು ಪ್ರೊಫೆಸರು.

"ಮಾಡಿದ್ದೀನಿ ಸರ್. ಕಳಿಸೋದಾದ್ರೆ ಕಳಿಸಿ. ನನ್ನ ಹೆಸರು ತೆಗೆದು ಕಳಿಸಿ."

ಪ್ರಬಂಧದಲ್ಲಿ ಹೆಸರಿದ್ದವರಲ್ಲಿ ಯಾರಾದರೂ ಒಬ್ಬರು ನನ್ನ ಪರವಾಗಿ ಏಳುತ್ತಾರೆಂದು ಕಾದೆ. ಯಾರೂ ಏಳಲಿಲ್ಲ. ಪ್ರಬಂಧ ಹೋಯಿತು, ಅಚ್ಚೂ ಆಯಿತು. ನನಗೆ ಪಿಎಚ್.ಡಿ. ಬಂದಿಲ್ಲ, ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಪ್ರಬಂಧವನ್ನು ತಲೆಕೆಳಗು ಮಾಡಿ ಹುಡುಕಿ, ನನ್ನ ಹೆಸರು ಸಿಗುವುದಿಲ್ಲ.