ದ್ರಾಕ್ಷಾರಸದ ಕಾವಲು

ಗಾದಿಲಿಂಗ ಉಸಿರು ಬಿಗಿಹಿಡಿದು, ಚರ್ಚಿನ ಫಾದರ್ ತಂದ ಬಾಟಲಿಯ ಮುಚ್ಚಳ ತೆಗೆದ. ಒಳಗಿರುವುದು ಪೂಜೆಯ ವೈನು, ದ್ರಾಕ್ಷಾರಸವೇ ಹೌದೋ ಅಲ್ಲವೋ ಎಂದು ಮೂಸಿ ನೋಡಬೇಕೆಂಬುದು ಆ ಜೈಲಿನ ಗೇಟಿನ ಪದ್ಧತಿ. ಅವನು ಮೂಗಿನ ಹತ್ತಿರ ಒಯ್ದ ಹಾಗೆ ಮಾಡಿ, ಮೂಸದೆಯೇ ಮುಚ್ಚಳ ತಿರುಗಿಸಿ, ರಸ ಎಲ್ಲಿಯವರೆಗೆ ಇದೆಯೆಂದು ಲೇಬಲ್ಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದ. ಕೆಮ್ಮಿನ ಔಷಧದ ಹಳೆಯ ಬಾಟಲಿ. ಕುತ್ತಿಗೆಯವರೆಗೂ ತುಂಬಿತ್ತು.

"ಅಣ್ಣಾ, ಭಾರಿ ಡ್ಯೂಟಿ ಹಾಕ್ಯಾರ ನಿನಗ," ಎಂದು ಜೊತೆಯ ವಾರ್ಡರ್ ಹುಲಿಗೇಶ್ ಕಣ್ಣು ಮಿಟುಕಿಸಿದ.

"ಸುಮ್ಕಿರಲೇ," ಎಂದ ಗಾದಿಲಿಂಗ.

ಹುಲಿಗೇಶ್ ನಗುವುದಕ್ಕೆ ಕಾರಣವಿತ್ತು. ಗಾದಿಲಿಂಗನ ಕುಡಿತ ಬಳ್ಳಾರಿಯ ಜೈಲಿನಲ್ಲಿ ಯಾರಿಗೂ ಗುಟ್ಟಲ್ಲ. ತನ್ನೂರು ಸಿರಿಗೇರಿಯಿಂದ ಹಿಡಿದು ದಾರಿಯುದ್ದಕ್ಕೂ ಸಿಕ್ಕ ದೇವರ ಮೇಲೆಲ್ಲ ಆಣೆ ಇಟ್ಟು, ಎಲ್ಲವನ್ನೂ ಮುರಿದು, ಕೊನೆಗೆ ಆಣೆ ಇಡಲು ಒಬ್ಬ ದೇವರೂ ಉಳಿಯದಂತೆ ಮಾಡಿಕೊಂಡಿದ್ದ ಮಹಾನುಭಾವ. ಎರಡು ವರ್ಷದ ಹಿಂದೆ ಸಿರುಗುಪ್ಪದಲ್ಲಿ ಮದುವೆ ಉಂಡು ಬರುವಾಗ, ಹೆಂಡತಿ ನಾಗಲಕ್ಷ್ಮಿಯನ್ನು ಹಿಂದೆ ಕೂರಿಸಿಕೊಂಡೇ ಬೈಕನ್ನು ಕಾಲುವೆಗೆ ಇಳಿಸಿದ. ಅವಳ ಬಲಗೈ ಈಗಲೂ ಭುಜದ ಮೇಲಕ್ಕೆ ಏಳುವುದಿಲ್ಲ. ದಿನಾ ಬೆಳಿಗ್ಗೆ ಅವಳ ತಲೆ ಬಾಚಿ ಹೆರಳು ಹಾಕುವವನು ಗಾದಿಲಿಂಗನೇ. ಅಂದಿನಿಂದ ಒಂದು ಹನಿ ಮುಟ್ಟಿರಲಿಲ್ಲ.

"ಇನ್ನೊಂದ್ಸಲ ಕುಡುದ್ರ ನಾ ತವರಿಗೇನು ಹೋಗಂಗಿಲ್ಲ," ಎಂದಿದ್ದಳು ಅವಳು. "ಇಲ್ಲೇ ಇರ್ತೀನಿ. ಆದ್ರ ನನ್ನ ತಲಿ ಮುಟ್ಟಾಕ ಬರಬ್ಯಾಡ್ರಿ."

ಬೈದಿದ್ದರೆ, ಅತ್ತಿದ್ದರೆ ಅವನು ಮರೆಯುತ್ತಿದ್ದ. ಆ ಮಾತನ್ನು ಮಾತ್ರ ಮರೆಯಲಾಗಿರಲಿಲ್ಲ.

ಇಷ್ಟು ದಿನ ಪೂಜೆಯ ದ್ರಾಕ್ಷಾರಸ ನೋಡಿಕೊಳ್ಳುತ್ತಿದ್ದ ಮರಿಬಸಪ್ಪ ಕಳೆದ ತಿಂಗಳು ನಿವೃತ್ತನಾದ. ಹೊಸದಾಗಿ ಬಂದ ಜೈಲರ್ ಶಶಿರೇಖಾ ಮೇಡಂ ಸರ್ವೀಸು ನೋಡಿ ಗಾದಿಲಿಂಗನ ಹೆಸರು ಬರೆದರು. ಒಲ್ಲೆನೆನ್ನಲು ಅವರ ಕೋಣೆಯವರೆಗೂ ಹೋಗಿದ್ದ. ಒಲ್ಲೆನೆಂದರೆ ಯಾಕೆಂದು ಹೇಳಬೇಕಿತ್ತು. ಸೆಲ್ಯೂಟ್ ಹೊಡೆದು ವಾಪಸು ಬಂದ. ಇದು ಅವನ ಮೊದಲ ಭಾನುವಾರ.

ಉದ್ದನೆಯ ಕೋಣೆಯಲ್ಲಿ ಹನ್ನೊಂದು ಮಂದಿ ಕೈದಿಗಳು ಜಮಖಾನೆಯ ಮೇಲೆ ಕೂತಿದ್ದರು. ಫಾದರ್ ಇನ್ನಯ್ಯ ಬಟ್ಟೆ ಹಾಸಿದ ಮೇಜಿನ ಮುಂದೆ ನಿಂತು, ಪಾತ್ರೆಗೆ ಒಂದಿಷ್ಟು ರಸ ಬಗ್ಗಿಸಿ ಅದಕ್ಕೆ ಒಂದೇ ಒಂದು ಹನಿ ನೀರು ಬೆರೆಸಿದರು. ಕುಡುಕನ ಹಳೆಯ ಚಾಳಿ, ನೋಡಿ. ಗಾದಿಲಿಂಗನಿಗೆ ಅದು ಸರಿಯಾದ ಹದವೆಂದೇ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಪ್ರಸಾದ ಕೊಡುವ ಹೊತ್ತಿಗೆ ಫಾದರ್ ತೆಳ್ಳಗಿನ ರೊಟ್ಟಿಯ ಬಿಲ್ಲೆಯನ್ನು ರಸದಲ್ಲಿ ಅದ್ದಿ ಒಬ್ಬೊಬ್ಬರ ನಾಲಿಗೆಯ ಮೇಲಿಡುತ್ತ ಬಂದರು. ಕೊನೆಯಲ್ಲಿದ್ದವನು ಚಿನ್ನಪ್ಪ. ರೂಪನಗುಡಿಯ ಗಾರೆ ಕೆಲಸದವನು. ಕುಡಿದ ಅಮಲಿನಲ್ಲಿ ಒಡಹುಟ್ಟಿದ ತಮ್ಮನ ಮೇಲೆ ಕಲ್ಲು ಎತ್ತಿಹಾಕಿ ಏಳು ವರ್ಷದಿಂದ ಒಳಗಿದ್ದ.

"ನನಗ ಒಣದು ಕೊಡ್ರಿ ಫಾದರ್," ಎಂದ ಅವನು.

ಫಾದರ್ ಅದ್ದದೆ ಕೊಟ್ಟರು. ವಾರವಾರದ ರೂಢಿಯೆಂಬಂತೆ ಕೊಟ್ಟು ಮೇಜಿನ ಕಡೆ ತಿರುಗಿದರು. ಗಾದಿಲಿಂಗ ಮಾತ್ರ ಚಿನ್ನಪ್ಪನ ಮುಖವನ್ನೇ ನೋಡಿದ.

ಪೂಜೆ ಮುಗಿಸಿ, ಪಾತ್ರೆಯಲ್ಲಿದ್ದುದನ್ನು ಕುಡಿದು ಒರೆಸಿಟ್ಟ ಫಾದರ್ ಬಾಟಲಿ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ದೇವ್ರಾ! ಕುರುಗೋಡಿನಾಗ ಇನ್ನೊಂದು ಪೂಜಿ ಐತಪ್ಪ ಇವತ್ತು. ಎರಡಕ್ಕೂ ಸೇರಿಸಿ ಒಂದ ಬಾಟ್ಲಿಗೆ ಹಾಕ್ಕೊಂಡು ಬಂದುಬಿಟ್ಟೀನಿ!"

"ಒಳಗ ಬಂದದ್ದು ಹೊರಗ ಹೋಗಂಗಿಲ್ರಿ ಫಾದರ್."

"ನನಗ ಗೊತ್ತಿಲ್ಲೇನು! ಚೆಲ್ಲಿಬಿಡು. ಇದು ಪೂಜಿಗೆ ಮುಟ್ಟಿಸಿದ್ದಲ್ಲ, ಚೆಲ್ಲಿದ್ರ ದೋಷಿಲ್ಲ. ನಾ ಚರ್ಚಿಗೆ ಹೋಗಿ ಬ್ಯಾರೆ ತಗಂಡು ಓಡಬೇಕು, ಅಲ್ಲಿ ಜನ ಕಾಯ್ತಾರ." ಅವರು ಬಾಟಲಿಯನ್ನು ಗಾದಿಲಿಂಗನ ಕೈಗಿಟ್ಟು, ಮೇಲೆ ತಮ್ಮ ಕೈಯನ್ನೂ ಒತ್ತಿದರು. "ನಿನ್ನ ಕೈಯಾಗ ಕೊಟ್ಟ ಮ್ಯಾಲ ನನಗ ಚಿಂತಿಲ್ಲ."

ಹುಲಿಗೇಶ್ ಉಳಿದವರನ್ನು ಬ್ಯಾರಕ್ಕಿಗೆ ನಡೆಸಿಕೊಂಡು ಹೋದ. ಫಾದರೂ ಅವರ ಜೊತೆಗೇ ಗೇಟಿನ ಕಡೆ ಹೊರಟರು. ಜಮಖಾನೆ ಸುತ್ತಲು ಚಿನ್ನಪ್ಪ ಒಬ್ಬ ಉಳಿದುಕೊಂಡ.

ಗಾದಿಲಿಂಗ ಕೋಣೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ಮುಚ್ಚಳ ತೆಗೆದ. ಈ ಸಲ ಉಸಿರು ಬಿಗಿಹಿಡಿಯಲು ನೆನಪಾಗಲಿಲ್ಲ. ವಾಸನೆ ನೇರ ಗಂಟಲಿಗೇ ಇಳಿಯಿತು. ಇದು ಸಾರಾಯಿಯಲ್ಲ, ದೇವರದು, ಎಂದಿತು ಮನಸ್ಸು. ಔಷಧದ ಬಾಟಲಿ ಬೇರೆ. ಎರಡು ಗುಟುಕು, ಯಾರಿಗೆ ತಿಳಿಯುತ್ತದೆ? ಬಾಟಲಿ ಬಗ್ಗಿಸಬೇಕಾದ ಕೈ ಎದೆಯ ಹತ್ತಿರವೇ ನಿಂತುಬಿಟ್ಟಿತು. ತನ್ನ ಕೈ ತನ್ನ ಮಾತು ಕೇಳುತ್ತಿಲ್ಲವೆಂದು ಅವನಿಗೆ ನಿಜವಾಗಿಯೂ ಭಯವಾಯಿತು.

"ಚಿನ್ನಪ್ಪಾ!" ಎಂದು ಕೂಗಿದ.

ಚಿನ್ನಪ್ಪ ಓಡಿ ಬಂದ. "ಏನ್ ಮಾಡ್ಲಿ ಸಾರ್?"

"ಏನೂ ಮಾಡಬ್ಯಾಡ. ನನ್ನ ನೋಡ್ಕಂತ ನಿಂದ್ರು, ಸಾಕು."

ಕೂಗಿದ ಮೇಲೆ ಗಾದಿಲಿಂಗನಿಗೆ ತನ್ನ ತಪ್ಪು ಹೊಳೆಯಿತು. ಕುಡಿದು ಬಾಳು ಕಳೆದುಕೊಂಡವನನ್ನೇ ಬಾಟಲಿಯ ಹತ್ತಿರ ಕರೆದಿದ್ದನಲ್ಲ! ಚಿನ್ನಪ್ಪ ಬಾಟಲಿ ನೋಡಿದ, ಗಾದಿಲಿಂಗನ ಮುಖ ನೋಡಿದ. ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಇಲ್ಲಿಂದ ಕಾಣ್ತೈತಿ ಸಾರ್. ಸಾವಕಾಶ ಚೆಲ್ರಿ."

ಗಾದಿಲಿಂಗ ಬಾಟಲಿ ಬಗ್ಗಿಸಿದ. ಕೆಂಪು ರಸ ಮೋರಿಯ ಕಲ್ಲಿನ ಮೇಲೆ ಹರಿಯಿತು.

"ಬಿಟ್ಟು ಎಷ್ಟು ದಿನಾತು ಸಾರ್?"

"ಎರಡು ವರ್ಷ."

"ನಂದು ಏಳು," ಎಂದ ಚಿನ್ನಪ್ಪ. "ಆದ್ರ ನನಗ ಜೈಲಿನ ಗ್ವಾಡಿ ಐತಿ ಸಾರ್. ಹೊರಗ ಇದ್ದು ಮನಸ್ಸು ಹಿಡಕಂಡೋರು ನೀವು. ನನ್ನಿಂದ ಆಗ್ತಿರಲಿಲ್ಲ."

ಬಾಟಲಿ ಖಾಲಿಯಾಗಿತ್ತು. ಗಾದಿಲಿಂಗ ಅದನ್ನು ಇನ್ನೂ ತಲೆಕೆಳಗಾಗಿ ಹಿಡಿದೇ ಇದ್ದ. ಎರಡು ವರ್ಷದಲ್ಲಿ ಬೈದವರಿದ್ದರು, ನಕ್ಕವರಿದ್ದರು, ಎಷ್ಟು ದಿನದ ಆಟ ನೋಡೋಣ ಎಂದವರಿದ್ದರು. ನೀನು ದೊಡ್ಡ ಕೆಲಸ ಮಾಡಿದೆ ಎಂದವನು ಇವನೊಬ್ಬ. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡ. ಕಣ್ಣೀರು ಕಾಣದಿರಲೆಂದು ಮತ್ತೆ ಮತ್ತೆ ಹಾಕಿಕೊಂಡ.

ಮಧ್ಯಾಹ್ನ ಕೈದಿಗಳ ಎಣಿಕೆಯ ಗಂಟೆ ಬಡಿಯಿತು. ಇಬ್ಬರೂ ಬ್ಯಾರಕ್ಕಿನವರೆಗೆ ನಡೆದರು. ಚಿನ್ನಪ್ಪ ಒಳಗೆ ಹೋಗಿ ಸರಳಿನ ಬಾಗಿಲನ್ನು ತಾನೇ ಎಳೆದುಕೊಂಡ. ಗಾದಿಲಿಂಗ ಬೀಗಕ್ಕೆ ಕೈ ಹಾಕಿ ಹಾಗೇ ನಿಂತ.

"ಹಾಕ್ರಿ ಸಾರ್, ಎಣಿಕಿ ಹೊತ್ತಾತು."

"ಬರೋ ಐತಾರನೂ ನಂದ ಡ್ಯೂಟಿ ಐತಿ, ಚಿನ್ನಪ್ಪ."

"ನಾ ಎಲ್ಲಿಗೆ ಹೋಗ್ತೀನಿ ಸಾರ್," ಎಂದು ಚಿನ್ನಪ್ಪ ನಕ್ಕ.

ಗಾದಿಲಿಂಗ ಬೀಗ ಹಾಕಿದ. ಆಮೇಲೆ ಸರಳುಗಳ ನಡುವೆ ಕೈ ಚಾಚಿದ. ಚಿನ್ನಪ್ಪ ತನ್ನ ಕೈಯನ್ನು ಅಂಗಿಗೆ ಒರೆಸಿಕೊಂಡು, ಅದನ್ನು ಹಿಡಿದುಕೊಂಡ.