ಸಾಸ್ತಾನದಿಂದ ನಲವತ್ತು ನಿಮಿಷ

ರತೀಶ ನಮ್ಮ ಹೋಟೆಲಿಗೆ ಬಂದರೆ ಗಲ್ಲೆಯ ಪಕ್ಕದ ಟೇಬಲ್ಲಿನಲ್ಲೇ ಕೂರುತ್ತಿದ್ದ. ಅಲ್ಲಿಂದ ಅವನಿಗೆ ಹೆದ್ದಾರಿ ಕಾಣುತ್ತಿತ್ತು, ಸಾಸ್ತಾನದ ಟೋಲ್‌ಗೇಟಿನ ಮುಂದೆ ನಿಂತ ಲಾರಿಗಳ ಸಾಲು ಕಾಣುತ್ತಿತ್ತು, ಗಲ್ಲೆಯಲ್ಲಿ ಕೂತ ನಾನೂ ಕಾಣುತ್ತಿದ್ದೆ. ಅವನು ನನ್ನ ಸೋದರಮಾವನ ಮಗ. ನನಗಿಂತ ಆರು ತಿಂಗಳು ದೊಡ್ಡವನಾದರೂ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಮಂಗಳೂರಿನಲ್ಲಿ ಮನೆ ಮಾಡಿಕೊಂಡು ವಿಮಾನ ಹಾರಿಸುತ್ತಿದ್ದ. ಇನ್ನೂ ಕ್ಯಾಪ್ಟನ್ ಆಗಿರಲಿಲ್ಲ. ಕ್ಯಾಪ್ಟನ್ ಕೂರುವುದು ಎಡಗಡೆ, ಇವನದು ಬಲಗಡೆಯ ಸೀಟು. ಊರಿನವರಿಗೆ ಈ ಎಡಬಲ ಗೊತ್ತಿಲ್ಲ. ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಅವನು ತಿದ್ದುತ್ತಿರಲಿಲ್ಲ.

ಕೋಡಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ನಮ್ಮಿಬ್ಬರದು ಒಂದೇ ಬೆಂಚು. ಭಿನ್ನರಾಶಿ ಅವನಿಗೆ ಹೇಳಿಕೊಟ್ಟವನು ನಾನು. ಆಮೇಲೆ ನಾನು ಮುಂಬೈಗೆ ಹೋದೆ. ಹಗಲು ಅಂಧೇರಿಯ ಒಂದು ಕ್ಯಾಂಟೀನಿನಲ್ಲಿ ಕೆಲಸ, ಸಂಜೆಯ ಮೇಲೆ ಕನ್ನಡ ಶಾಲೆ, ಹತ್ತನೆಯದು ಮುಗಿದ ಮೇಲೆ ಸಂಜೆ ಕಾಲೇಜು. ಇಂಗ್ಲಿಷ್ ಕಲಿಯಲು ನನಗಿದ್ದ ಪುಸ್ತಕ ಎಂದರೆ ಕ್ಯಾಂಟೀನಿನ ಡಬ್ಬಿ, ಬಾಟಲಿಗಳು. ಸಾಸು, ಫಿನಾಯಿಲು, ಸೋಡಾಪುಡಿ, ಯಾವುದು ಕೈಗೆ ಸಿಕ್ಕಿದರೂ ಅದರ ಮೇಲಿನ ಸಣ್ಣ ಅಕ್ಷರವನ್ನು ಕೊನೆಯವರೆಗೆ ಓದುತ್ತಿದ್ದೆ. ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ.

ರತೀಶನನ್ನು ವಿಮಾನ ಕಲಿಯಲು ಕಳಿಸುವುದಕ್ಕೆ ಮಾವ ಎರಡು ಬೋಟು ಮಾರಿದರು. ಕಲಿತು ಬಂದವನಿಗೆ ನಾಲ್ಕು ವರ್ಷ ಕೆಲಸ ಸಿಗಲಿಲ್ಲ. ಆ ನಾಲ್ಕು ವರ್ಷ ನನಗೆ ಅವನ ಮೇಲೆ ಬಹಳ ಪ್ರೀತಿಯಿತ್ತು. ವಾರಕ್ಕೊಮ್ಮೆ ಮುಂಬೈಯಿಂದ ಫೋನ್ ಮಾಡಿ ಸಮಾಧಾನ ಹೇಳುತ್ತಿದ್ದೆ. ಕೆಲಸ ಸಿಕ್ಕಿತು ಎಂದು ಅವನೇ ಫೋನ್ ಮಾಡಿದ ದಿನ ನನಗೆ ಊಟ ಸೇರಲಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಅವನು ನಾಲ್ಕು ದಿನ ರಜೆಯಲ್ಲಿ ಊರಿಗೆ ಬಂದಿದ್ದ. ದಿನಾ ಬೆಳಿಗ್ಗೆ ನೀರುದೋಸೆ ತಿನ್ನುತ್ತ ತನ್ನ ಮುಂದಿನ ದಾರಿಗಳನ್ನು ನನ್ನೆದುರು ಹರಡಿಕೊಂಡು ಕೂರುತ್ತಿದ್ದ.

"ಕಾಣ್ ಭಾವ, ಇಲ್ಲೇ ಇದ್ರೆ ಎರಡ್ ವರ್ಷಕ್ಕೆ ಕ್ಯಾಪ್ಟನ್. ಗಲ್ಫಿನ ಕಂಪೆನಿಯವ್ರ್ ಈಗ್ಲೇ ಕರೀತಾ ಇದ್ರ್. ಮನೆ, ಮಕ್ಕಳ ಶಾಲೆ ಎಲ್ಲ ಅವ್ರದ್ದೇ. ಆದ್ರೆ ಅಲ್ಲಿ ಎಡದ ಸೀಟಿಗೆ ಎಷ್ಟ್ ವರ್ಷ ಕಾಯ್ಕೋ ದೇವ್ರಿಗೇ ಗೊತ್ತ್. ವಿಯೆಟ್ನಾಮಿಂದ ಒಂದ್ ಕಾಂಟ್ರಾಕ್ಟ್ ಇತ್ತ್. ಇಲ್ದಿರೆ ಹೊಸಬ್ರಿಗೆ ಕಲ್ಸು ಬದಿಗೆ ಹೋಪ್ದ್."

"ಯಾವ್ದ್ ಒಳ್ಳೇದ್?"

"ಅದೇ ಗೊತ್ತಾತಿಲ್ಲ ಮಾರಾಯ. ತಲಿಬಿಸಿ ಆಯ್ತ್."

ನಾಲ್ಕು ದಾರಿ ಇರುವವನ ತಲೆಬಿಸಿ. ನನಗಿರುವುದು ಮನೆಯಿಂದ ಹೋಟೆಲಿಗೆ ಬರುವ ಒಂದೇ ದಾರಿ. ಅದರಲ್ಲಿ ಗುಂಡಿ ಬಿದ್ದರೂ ನನಗೆ ಯೋಚನೆ ಮಾಡಲು ಬೇರೇನೂ ಇರುವುದಿಲ್ಲ. ನಾನು "ಹೌದ್, ಕಷ್ಟವೇ" ಎಂದು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿಸಿದೆ.

ಎರಡನೆಯ ದಿನ ಅವನ ಮಾತು ಭಯದ ಕಡೆಗೆ ತಿರುಗಿತು. ಎಷ್ಟು ಸಾವಿರ ಗಂಟೆ ಹಾರಿದ್ದರೂ ಎದೆಯ ಪರೀಕ್ಷೆಯ ಒಂದು ಕಾಗದ ಸಾಕಂತೆ, ಮನೆಗೆ ಕಳಿಸಲು. ಅದಕ್ಕೇ ಅವನ ಜೊತೆಯವರೆಲ್ಲ ಇನ್ನೊಂದು ಸಂಪಾದನೆ ಹುಡುಕುತ್ತಿದ್ದಾರಂತೆ. ಒಬ್ಬನದು ಗೋವಾದಲ್ಲಿ ಕೆಫೆ, ಒಬ್ಬನದು ಶೇರು, ಇನ್ನೊಬ್ಬನದು ಪೈಲಟ್ ಪರೀಕ್ಷೆಗೆ ಕೂರುವವರಿಗೆ ಪಾಠ.

"ಎದಿ ಒಂದೇ ಅಲ್ಲ ಭಾವ. ಡ್ಯೂಟಿಗೆ ಮೊದ್ಲ್ ಯಂತ್ರಕ್ಕೆ ಊದ್ಕ್. ಒಂದ್ ಚೂರ್ ಅಮಲ್ ತೋರ್ಸ್ರೂ ಮುಗೀತ್. ನಮ್ಮವ ಒಬ್ಬ ಕೆಮ್ಮಿಗೆ ಹೋಮಿಯೋಪತಿ ಹನಿ ತಕಂಡ್ ಊದ್ದ. ಮೂರ್ ತಿಂಗ್ಳ್ ಲೈಸೆನ್ಸ್ ಇಲ್ಲ. ಅದೊಂದ್ ಸಾಲ್ ಫೈಲಿನಗೆ ಇದ್ರೆ ಗಲ್ಫಿನವ್ರ್ ಅರ್ಜಿ ಮುಟ್ಟುದೂ ಇಲ್ಲ. ನಂಗೆ ನೆಲದ್ ಮೇಲೆ ಒಂದ್ ಕಾಲ್ ಇರ್ಕ್."

ಆ ಕಾಲನ್ನು ಎಲ್ಲಿ ಊರಲು ಹೊರಟಿದ್ದಾನೆ ಎಂದು ಗೊತ್ತಾದದ್ದು ಮೂರನೆಯ ದಿನ.

"ಜಿತೇಂದ್ರಣ್ಣ ಮಾರ್ತ್ರಂಬ್ರ್ ಅಲ್ದಾ? ನಾ ಮಾತಾಡ್ದೆ."

"ಯಾವ್ದನ್ನ?"

"ಇದನ್ನೇ." ಅವನು ದೋಸೆ ಹಿಡಿದ ಕೈಯಿಂದಲೇ ನನ್ನ ಹೋಟೆಲಿನ ಗೋಡೆ ತೋರಿಸಿದ.

ಈ ಕಟ್ಟಡ ಜಿತೇಂದ್ರ ಶೆಟ್ಟರದು. ಅವರು ಹುಬ್ಬಳ್ಳಿಯಲ್ಲಿ ಹೋಟೆಲು ಮಾಡಿಕೊಂಡಿದ್ದಾರೆ. ಮುಂಬೈ ಬಿಟ್ಟು ಬಂದು ಎಂಟು ವರ್ಷದಿಂದ ನಾನು ಇಲ್ಲಿ ಬಾಡಿಗೆಗಿದ್ದೇನೆ. ಮಾರುವ ದಿನ ಬಂದರೆ ಮೊದಲು ನಿನ್ನನ್ನೇ ಕೇಳುತ್ತೇನೆ ಎಂದಿದ್ದರು. ಅದು ಬಾಯಿಮಾತು. ಆ ಬಾಯಿಮಾತನ್ನು ನಂಬಿ ನಾನು ಹಿಂದುಗಡೆ ಸಿಮೆಂಟು ಹಾಕಿಸಿದ್ದೆ, ಎರಡು ತೆಂಗಿನ ಸಸಿ ನೆಟ್ಟಿದ್ದೆ.

"ಹೆದ್ರ್ಕಣ್ಬೇಡ ಮಾರಾಯ. ನಡ್ಸುದ್ ನೀನೇ. ನಾ ಸಂಬ್ಳ ಕೊಡ್ತೆ, ತಿಂಗ್ಳ್ ತಿಂಗ್ಳ್ ಕೈಗೆ ಬಪ್ದ್. ನಮ್ ಕಂಪೆನಿ ಬೇರೆ ಕೆಲ್ಸ ಮಾಡುಕೆ ಬಿಡುದಿಲ್ಲ. ಕಟ್ಟಡ ಇದ್ರೆ ಅಡ್ಡಿಲ್ಲ. ನಾಳೆ ಯಡ್ತರೆ ಬದಿಗೆ ಕಡಲ್ ಹತ್ರ ಒಂದ್ ಜಾಗ ಕಂಡ್ಕಂಡ್ ಬತ್ತೆ, ಹೋಂಸ್ಟೇ ಮಾಡುಕೆ ಆತ್ತಾ ಅಂದೇಳಿ. ಆದ್ರೆ ನಂಗೆ ಇದೇ ಮನಸ್ಸಿಗೆ ಬಂದದ್ದ್."

ಭಿನ್ನರಾಶಿ ಹೇಳಿಕೊಟ್ಟವನಿಗೆ ಸಂಬಳ. ನಾನು ನಕ್ಕೆ. ಅವನು ಕೈ ತೊಳೆಯಲು ಹೋದಾಗ ಅವನ ಕಾರಿನ ಕೀಯನ್ನು ಕೈಗೆತ್ತಿಕೊಂಡು ನೋಡಿ, ಮತ್ತೆ ಇದ್ದ ಹಾಗೆಯೇ ಇಟ್ಟೆ. ಯಾಕೆ ಎತ್ತಿಕೊಂಡೆನೋ ತಿಳಿಯದು.

ಯಡ್ತರೆಗೆ ಹೋಗಿಬಂದ ಮಾರನೆಯ ಬೆಳಿಗ್ಗೆ ಅವನು ಮುಖ ಸಣ್ಣ ಮಾಡಿಕೊಂಡು ಬಂದ. ಅಲ್ಲೇ ಪಕ್ಕದ ಬೈಂದೂರಿನಲ್ಲಿ ಜಾಗದ ಬ್ರೋಕರ್ ತಿನ್ನಿಸಿದ ಏಡಿ ಹೊಟ್ಟೆ ಕೆಡಿಸಿತ್ತು. ಮಧ್ಯಾಹ್ನ ಎರಡೂವರೆಗೆ ಅವನು ಮಂಗಳೂರಿನಲ್ಲಿ ಡ್ಯೂಟಿಗೆ ಹಾಜರಾಗಬೇಕು. ನಾನು ಮಾತ್ರೆ ಕೊಡಹೋದೆ.

"ಮಾತ್ರಿ ಬ್ಯಾಡ ಭಾವ. ಕಂಪೆನಿ ಡಾಕ್ಟ್ರ ಹತ್ರ ಕೇಣ್ದೆ ಮುಟ್ಟುಕಾಗ."

"ಮಾತ್ರಿ ಎಂತಕೆ ರತೀಶಣ್ಣ? ಮನಿಮದ್ದ್ ಇತ್ತಲೆ. ಒಂದ್ ಗಂಟಿಗೆ ಹೊಟ್ಟಿ ಸಮ ಆತ್ತ್," ಎಂದಳು ನನ್ನ ಹೆಂಡತಿ ಹರಿಣಾಕ್ಷಿ ಒಳಗಿನಿಂದ.

"ಮನಿಮದ್ದಾರೆ ಕೊಡ್ ಮಾರಾಯ್ತಿ. ಅದಕ್ಕೆಂತ ತೊಂದ್ರಿ."

ಅವಳು ಅಡುಗೆಮನೆಯ ನಾಗಂದಿಗೆಯಿಂದ ಆಯುರ್ವೇದದ ಅರಿಷ್ಟದ ಬಾಟಲಿ ಇಳಿಸಿದಳು. ನಮ್ಮ ಮಗಳು ಹುಟ್ಟಿದಾಗ ಹರಿಣಾಕ್ಷಿಯ ತಾಯಿ ಬ್ರಹ್ಮಾವರದಿಂದ ಕಳಿಸಿದ್ದು ಅದೇ ಮದ್ದು. ಅಂದಿನಿಂದ ಮುಗಿದ ಹಾಗೆ ಹೊಸ ಬಾಟಲಿ ಬರುತ್ತದೆ. ಮನೆಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಎರಡು ಮುಚ್ಚಳ, ಜೀರಿಗೆ ನೀರಿನಲ್ಲಿ. ಅವಳ ಪಾಲಿಗೆ ಅದು ಬೇರುಗಳ ರಸ, ಅಷ್ಟೇ. ಲೇಬಲ್ಲಿನ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿದೆ. ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ನೂರಕ್ಕೆ ಹತ್ತರವರೆಗೆ ಇರಬಹುದು ಎಂದು. ನಮ್ಮ ಮನೆಯಲ್ಲಿ ಅದನ್ನು ಓದಿದವನು ನಾನೊಬ್ಬನೇ.

ಅವಳು ಸ್ಟೀಲ್ ಲೋಟಕ್ಕೆ ಹೊಯ್ದಳು. ನನ್ನ ಬಾಯಿ ತೆರೆಯಿತು.

"ಸಕ್ರಿ ಬೇಕಾ?" ಎಂದೆ.

"ಬ್ಯಾಡ," ಎಂದು ರತೀಶ ಒಂದೇ ಗುಟುಕಿಗೆ ಕುಡಿದು ಮುಖ ಕಿವುಚಿದ.

ಹರಿಣಾಕ್ಷಿ ಇನ್ನಷ್ಟು ಬೆರೆಸಿ ನೀರಿನ ಬಾಟಲಿಗೆ ತುಂಬಿಸಿಕೊಟ್ಟಳು. "ದಾರಿಯಂಗೆ ಚೂರ್ ಚೂರ್ ಕುಡೀನಿ. ಮಂಗ್ಳೂರ್ ಮುಟ್ಟುವಷ್ಟತಿಗೆ ಕಾಲಿ ಆಯ್ಕ್."

"ಬತ್ತೆ ಭಾವ," ಎಂದು ಅವನು ಹೊರಟ. ಹನ್ನೊಂದು ಗಂಟೆ. ಅವನ ಬಿಳಿ ಕಾರು ಟೋಲ್‌ಗೇಟಿನಲ್ಲಿ ಒಂದು ಕ್ಷಣ ನಿಂತು, ಅಡ್ಡದಂಡ ಎದ್ದ ಕೂಡಲೇ ದಾಟಿಹೋಯಿತು.

ನಾನು ಗಲ್ಲೆಯಿಂದ ಎದ್ದು ಬಾಳೆಲೆ ಒರೆಸತೊಡಗಿದೆ. ಎರಡು ಮುಚ್ಚಳ ಏನು ಮಹಾ ಎಂದುಕೊಂಡೆ. ಅಷ್ಟು ಓದಿದವನು, ಅವನಿಗೇ ಗೊತ್ತಿರಬೇಕಿತ್ತು. ಕೊಟ್ಟವಳು ನಾನಲ್ಲ. ಕುಡಿ ಎಂದವನೂ ನಾನಲ್ಲ. ಬೇಗ ಊಟಕ್ಕೆ ಬಂದ ಲಾರಿಯವರು ಮೂವರಿಗೆ ಎಲೆ ಹಾಕಿದೆ, ಬಂಗುಡೆ ಸಾರು ಬಡಿಸಿದೆ, ಒಬ್ಬನಿಗೆ ಎರಡನೆಯ ಸಲ ಅನ್ನ ಬೇಕೇ ಎಂದು ಕೇಳಿದೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಆಗ ಮನಸ್ಸಿನಲ್ಲಿ ಒಂದು ಚಿತ್ರ ಬಂತು. ಗಲ್ಲೆಯ ಪಕ್ಕದ ಟೇಬಲ್ಲಿನಲ್ಲಿ ರತೀಶ ಕೂತಿದ್ದಾನೆ. ಮೂರು ತಿಂಗಳಿಂದ ಕೂತಿದ್ದಾನೆ. ಗಲ್ಫಿಲ್ಲ, ವಿಯೆಟ್ನಾಮಿಲ್ಲ, ಕಟ್ಟಡದ ಮಾತೂ ಇಲ್ಲ. ಗಡ್ಡ ಬಂದಿದೆ. ನಾನು ಅವನ ಹೆಗಲ ಮೇಲೆ ಕೈಯಿಟ್ಟು "ಎಲ್ಲ ಸಮ ಆತ್ತ್ ಭಾವ" ಎನ್ನುತ್ತಿದ್ದೇನೆ. ಅವನ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಸೌಟು ಹಿಡಿದ ಕೈ ನಿಂತೇಹೋಯಿತು. ಅದು ಆ ನಾಲ್ಕು ವರ್ಷದ ಪ್ರೀತಿಯೇ. ಗುರುತು ಸಿಕ್ಕಿತು. ಸೌಟು ಕೆಳಗಿಟ್ಟೆ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲಕ್ಕೆ ಎತ್ತಿದ.

"ಎಂತ ಭಾವ? ಕಟಪಾಡಿ ಹತ್ರ ಇದ್ದೆ, ಗಾಡಿ ಬಿಡ್ತಾ ಇದ್ದೆ."

"ಆ ಬಾಟ್ಲಿ ಕುಡೀಬೇಡ. ಅದ್ ಅರಿಷ್ಟ. ಅದ್ರಗೆ ಅಮಲ್ ಇತ್ತ್."

ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುವುದು ಕೇಳಿಸಿತು. ಬದಿಗೆ ನಿಲ್ಲಿಸಿರಬೇಕು.

"ಉಡುಪಿಯಂಗೆ ಎರಡ್ ಗುಟುಕ್ ಕುಡ್ದೆ ಮಾರಾಯ," ಎಂದ. "ನಿಂಗೆ ಹ್ಯಾಂಗ್ ಗೊತ್ತಾಯ್ತ್?"

"ಈಗ ಲೇಬಲ್ ಓದ್ದೆ," ಎಂದೆ.

ಅವನು ಅಲ್ಲಿಂದಲೇ ಕಂಪೆನಿಗೆ ಫೋನ್ ಮಾಡಿ ಹುಷಾರಿಲ್ಲ ಎಂದು ತಿಳಿಸಿದ. ಹೊಟ್ಟೆ ಕೆಟ್ಟದ್ದು ಸುಳ್ಳೇನೂ ಆಗಿರಲಿಲ್ಲ. ಅವತ್ತಿನ ವಿಮಾನವನ್ನು ಬೇರೆ ಯಾರೋ ಹಾರಿಸಿದರು.

ಎಂಟು ದಿನ ಬಿಟ್ಟು ರತೀಶ ಒಂದು ಕಿಲೋ ಮೈಸೂರುಪಾಕು ಹಿಡಿದುಕೊಂಡು ಬಂದ. ಹೋಟೆಲಿಗೆಲ್ಲ ಕೇಳುವ ಹಾಗೆ, "ನನ್ನ್ ಲೈಸೆನ್ಸ್ ಉಳ್ಸಿದ್ದ್ ಇವ! ಇವ ಲೇಬಲ್ ಓದದೆ ಇದ್ದಿದ್ರೆ ನಾ ಇವತ್ತ್ ಮೀನಿನ ಬಲಿ ಹೊಲಿತಾ ಕೂಕಣ್ಕಿತ್ತ್," ಎಂದ.

ಅಡುಗೆಯ ಸೂರ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ. ಅವನಿಗೆ ನನ್ನನ್ನು ಹಂಗಿಸುವ ಅವಕಾಶ ತಪ್ಪಿಸಿ ಗೊತ್ತಿಲ್ಲ. "ಹ್ವಾಯ್ ಕ್ಯಾಪ್ಟನ್ರೇ, ಇವ್ರ್ ಉಪ್ಪಿನ ಪ್ಯಾಕೇಟೂ ಓದದೆ ಒಳಗ್ ಬಿಡುವವ್ರಲ್ಲ. ಆ ಬಾಟ್ಲಿ ಇಷ್ಟ್ ವರ್ಷ ಹ್ಯಾಂಗ್ ತಪ್ಪಿಸ್ಕಂಡಿತ್ ಅಂದೇಳಿ ಕೇಣಿ!"

ಎಲ್ಲರೂ ನಕ್ಕರು. ರತೀಶನೂ ನಕ್ಕ. ಸೂರ ಒಳಗೆ ಹೋದ ಮೇಲೆ ಅವನು ಕುರ್ಚಿಯನ್ನು ಗಲ್ಲೆಯ ಹತ್ತಿರ ಎಳೆದುಕೊಂಡ.

"ಗಲ್ಫ್ ಬಿಟ್ಟೆ ಭಾವ. ಇಲ್ಲೇ ಇದ್ದ್ ಈ ಕಟ್ಟಡ ತಕಂತೆ. ನಾ ಮೇಲೆ ಇಪ್ಪ ಹೊತ್ತಿಗೆ ನೆಲದ್ ಮೇಲೆ ನಂಬುಕೆ ಒಬ್ಬ ಬೇಕಿತ್ತ್. ಆ ಜನ ನೀನೇ ಅಂದೇಳಿ ಗೊತ್ತಾಯ್ತಲೆ. ಸಂಬ್ಳ ಬ್ಯಾಡ, ಪಾಲ್ ಕೊಡ್ತೆ."

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಪಾಲು ಸಿಗುತ್ತಿತ್ತು. ಆದರೆ ದಿನಾ ಬೆಳಿಗ್ಗೆ ಅವನು ಬಂದು ಈ ನಂಬಿಕೆಯನ್ನು ನನ್ನೆದುರು ಹರಡಿಕೊಂಡು ಕೂರುತ್ತಾನೆ. ಅದನ್ನು ನೋಡುತ್ತ ನಾನು ಅವನಿಗೆ ದೋಸೆ ಹಾಕಿಸಬೇಕು.

"ಭಾವ, ನಾ ಲೇಬಲ್ ಓದಿದ್ದ್ ಅವತ್ತಲ್ಲ. ಮಗಳ್ ಹುಟ್ಟಿದ್ ವರ್ಷವೇ ಓದಿದ್ದೆ. ಅವ್ಳ್ ನಿಂಗೆ ಹೊಯ್ತಾ ಇಪ್ಪ ಹೊತ್ತಿಗೂ ಗೊತ್ತಿತ್ತ್."

ಅವನು ನನ್ನನ್ನು ನೋಡಿದ. ಬೈಯಲಿಲ್ಲ. ಏನೋ ಲೆಕ್ಕ ಹಾಕುವವನ ಮುಖವಿತ್ತು.

"ನಾ ಹೊರ್ಟದ್ದ್ ಹನ್ನೊಂದಕ್ಕೆ. ನಿನ್ನ್ ಫೋನ್ ಬಂದದ್ದ್ ಹನ್ನೊಂದ್ ನಲ್ವತ್ತಕ್ಕೆ."

"ಹೌದ್."

"ಅಷ್ಟೊತ್ತ್ ಎಂತ ಮಾಡ್ತಾ ಇದ್ದೆ?"

"ಊಟ ಬಡಿಸ್ತಾ ಇದ್ದೆ."

"ನಲ್ವತ್ ನಿಮಿಷ," ಎಂದ. "ಮಂಗ್ಳೂರಿಂದ ಹಾರಿ ಬೆಂಗ್ಳೂರಿಗೆ ಇಳೂಕೆ ಅಷ್ಟೇ ಹೊತ್ತ್ ಬೇಕ್ ಕಾಣ್."

ತಟ್ಟೆಯಲ್ಲಿದ್ದ ದೋಸೆಯನ್ನು ಪೂರ್ತಿ ತಿಂದ. ಕೈ ತೊಳೆದ. ಒಳಗೆ ಹೋಗಿ ಹರಿಣಾಕ್ಷಿಯ ಹತ್ತಿರ ನಗುತ್ತಲೇ ಮಾತಾಡಿ ಬಂದ. ಹೊರಡುವಾಗ ನನಗೆ ಬತ್ತೆ ಎನ್ನಲಿಲ್ಲ.

ಅವನು ಕಂಪೆನಿಗೆ ಆರು ತಿಂಗಳ ನೋಟಿಸ್ ಕೊಟ್ಟು, ಅದು ಮುಗಿದ ಮೇಲೆ ಗಲ್ಫಿಗೆ ಹೋದ. ಸಂಬಳ ಜಾಸ್ತಿ, ಅದಕ್ಕೇ ಹೋದ ಎಂದು ಎಲ್ಲರೂ ತಿಳಿದಿದ್ದಾರೆ. ರತೀಶಣ್ಣ ಈಗೀಗ ಯಾಕೆ ಫೋನ್ ಮಾಡುವುದಿಲ್ಲ ಎಂದು ಹರಿಣಾಕ್ಷಿ ಎರಡು ಸಲ ಕೇಳಿದಳು. ಕೆಲಸ ಇರಬೇಕು ಎಂದೆ. ಜಿತೇಂದ್ರ ಶೆಟ್ಟರು ಮಾರುವ ಯೋಚನೆ ಸದ್ಯ ಬಿಟ್ಟಿದ್ದಾರೆ. ನಾನು ಬಾಡಿಗೆಗೇ ಇದ್ದೇನೆ. ತೆಂಗಿನ ಸಸಿಗಳಲ್ಲಿ ಒಂದು ಚಿಗುರಿದೆ.

ಮೊನ್ನೆ ಮಾವ ಬಂದಿದ್ದರು. ಗಲ್ಲೆಯ ಪಕ್ಕದ ಟೇಬಲ್ಲಿನಲ್ಲಿ ಕೂತು ಮೊಬೈಲಿನಲ್ಲಿ ಮಗನ ಹೊಸ ಫೋಟೋ ತೋರಿಸಿದರು. ರತೀಶ ವಿಮಾನದ ಮುಂಭಾಗದಲ್ಲಿ ಕೂತಿದ್ದ. ಹೊಸ ಯೂನಿಫಾರ್ಮು, ಕಿಟಕಿಯಾಚೆ ಮರಳು. ನಾನು ಅವನ ಮುಖವನ್ನು ಆಮೇಲೆ ನೋಡಿದೆ. ಮೊದಲು ನೋಡಿದ್ದು ಸೀಟನ್ನು. ಬಲಗಡೆಯದು. ಎದೆಯೊಳಗೆ ಏನೋ ಹಗುರಾಯಿತು, ಆ ಹಗುರಕ್ಕೇ ನಾಚಿಕೆಯೂ ಆಯಿತು.

"ಕಾಣ್, ನಮ್ಮ್ ಕ್ಯಾಪ್ಟನ್," ಎಂದರು ಮಾವ.

"ಹೌದ್ ಮಾವ," ಎಂದೆ. ತಿದ್ದಲಿಲ್ಲ.